ಬೆಂಕಿಗ್ವಾಡಿ

ಉದ್ಯಮಬಾಗದಾಗ, ನನ್ನ ಅಂಗಡಿಗೆ ಹತ್ತಿದ ಶೆಡ್ಡಿನೊಳಗ
ರೆಕ್ಕಿ ಇಲ್ಲದ ವಿಮಾನೊಂದು
ಕಟಗಿ ಕುದುರಿ ಮ್ಯಾಲ ಕುಂತೈತಿ.
ತವನಪ್ಪನವರು ಫೌಂಡ್ರಿ ಮಾರಿದ ರೊಕ್ಕದಾಗ
ಆರು ವರ್ಷ ಆತು, ಕಟ್ಟಾಕತ್ತಾರ.
ನಾನು ಸುಟ್ಟ ಮೋಟಾರಿಗೆ ತಾಮ್ರ ಸುತ್ತಾಕಿ.
ವಾಯರಿನ ಕೆಲಸ ನಿಮ್ಮದು, ಅಕ್ಕಾರ, ಅಂದ್ರು.
ಬಾವಿ ಮೋಟಾರು, ಗಿರಣಿ ಮೋಟಾರು ಬಿಟ್ಟರ
ಮ್ಯಾಲ ಹಾರೂದಕ್ಕ ನಾ ಎಂದೂ ಕೈ ಹಚ್ಚಿದಾಕಿ ಅಲ್ಲ.

ಮೂಗಿನಾಗ ಎಂಜಿನು. ಅದರ ಹಿಂದ
ಪೈಲಟ್ಟನ ಮೊಣಕಾಲು.
ನಡುವ ಒಂದ ತಗಡು,
ಸ್ಟೇನ್‌ಲೆಸ್ಸಿಂದು, ಅರ್ಧ ಮಿಲಿಮೀಟರೂ ದಪ್ಪಿಲ್ಲ,
ಹೆಸರು ಮಾತ್ರ ದೊಡ್ಡದು: ಬೆಂಕಿಗ್ವಾಡಿ.
ಎಂಜಿನಿಗೆ ಬೆಂಕಿ ಹತ್ತಿದ್ರ
ಕೆಳಗಿಳಿಯೂ ತನಕ ಈ ತಗಡ ತಡೀಬೇಕು.
ಅಂಥಾ ಗ್ವಾಡಿಗೆ ನಾವು
ಹನ್ನೊಂದು ತೂತು ಹಾಕಬೇಕು.

ಇದೇನು ಗ್ವಾಡಿನೋ, ಜರಡಿನೋ? ಅಂದೆ.
ತವನಪ್ಪನವರು ನಗಲಿಲ್ಲ.
"ತೂತಿಲ್ಲದ ಗ್ವಾಡಿ ಇದ್ರ
ಎಂಜಿನಿಗೆ ನಮ್ಮ ಮಾತು ಹೆಂಗ ಕೇಳಬೇಕ್ರಿ?"

ಫ್ರಿಜ್ಜಿನ ರಟ್ಟಿನ ಪೆಟ್ಟಿಗಿ ಹರಿದು
ತಗಡಿನ ಅಳತಿಗೆ ಕತ್ತರಿಸಿದ್ವಿ.
'ಈ ಬದಿ ಮ್ಯಾಲ' ಅನ್ನೂ ಬಾಣ ಹಂಗ ಉಳೀತು,
ಆಕಾಶದ ಕಡೆ ತೋರಿಸ್ಕೋತ.
ಅದರ ಬಾಜೂಕ ಪೆನ್ಸಿಲಿನ ಚುಕ್ಕಿ:
ಥ್ರಾಟಲ್ ಕೇಬಲ್ಲು ಇಲ್ಲಿ, ನೆಟ್ಟಗ ಹೋಗಬೇಕು,
ತಿರುಗಿದ್ರ ಎತ್ತಿನಗಾಡಿ ತಿರುಗಿದಂಗ, ದೊಡ್ಡ ಸುತ್ತು.
ಚೋಕು ಅದರ ಮಗ್ಗಲಕ್ಕ.
ಸ್ಟಾರ್ಟರಿನ ದಪ್ಪ ವಾಯರು ಬಲಕ್ಕ, ಮ್ಯಾಲ.
ಪೆಟ್ರೋಲಿನ ಪೈಪು ಎಡಕ್ಕ, ಕೆಳಗ.
ಇವೆರಡೂ ಬೀಗರಿದ್ದಂಗ, ಅಂದೆ,
ದೂರ ಇದ್ರನ ಚಂದ.
ಈ ಸಲ ನಕ್ಕರು.

ಚುಕ್ಕಿ ಇಡೂದು, ಅಳಸೂದು. ಸಂಜಿಗೆ ಲಗೂನ ನಿಲ್ಲಸೂದು,
ಹೊತ್ತು ಮುಳುಗೂದರೊಳಗ ಅವರ ಊಟ ಆಗಬೇಕು.
ಮರುದಿನ ಬಂದು ಮತ್ತ ಅಳಸೂದು.
ಮೌಂಟಿನ ಪೈಪಿನ ಹಿಂದ ಬಿದ್ದ ಒಂದು ಚುಕ್ಕಿ
ನನ್ನ ಕೈಗೂ ಸಿಗಲಿಲ್ಲ, ಪಾನಾಕ್ಕೂ ಸಿಗಲಿಲ್ಲ.
ತಣ್ಣಗಿದ್ದಾಗ ಸಿಗದ್ದು
ಎಂಜಿನು ಕಾದಾಗ ಸಿಗತೈತೇನು?
ಅಳಸಿದೆ.

ಹತ್ತನೇ ದಿನ ಎಲ್ಲಾ ಸರಿ ಅನಸಿತ್ತು.
ಡ್ರಿಲ್ಲು ತೆಗೆದು ಹೊರಗ ಇಟ್ಟಿದ್ವಿ.
ಯಾಕೋ, ಸೀಟಿಲ್ಲದ ಆ ಡಬ್ಬಿಯೊಳಗ ಮಣಿ ಇಟ್ಟು
ನಾನ ಕುಂತೆ, ಸೆರಗು ಬಿಗದು.
ಎಡ ಪೆಡಲು ಪೂರಾ ಒತ್ತಿದೆ.
ಅದರ ತುದಿ ಹೋಗಿ ನಿಂತದ್ದು
ಬರೋಬ್ಬರಿ ಐದನೇ ಚುಕ್ಕಿ ಮ್ಯಾಲ.
ವಾಯರು ಅಲ್ಲಿ ಬಂದಿದ್ರ...
ಯಾರೂ ಮಾತಾಡಲಿಲ್ಲ. ಸಾಂಬ್ರಾದ ಕಡಿಂದ
ಮಧ್ಯಾಹ್ನದ ವಿಮಾನ ಏರಿದ ಸಪ್ಪಳ.

ಮೊಮ್ಮಗಳ ಕಿವಿ ಚುಚ್ಚಿದ್ದು ನೆನಪಾತು.
ಪತ್ತಾರ ಮೋನಪ್ಪ ಎರಡೂ ಕಿವಿಗೆ ಮಸಿ ಚುಕ್ಕಿ ಇಟ್ಟು
ಎದುರು ಕುಂತು ನೋಡಿದ, ಬಾಗಲಕ್ಕ ಹೋಗಿ ನಿಂತು ನೋಡಿದ,
ತಿರುಗಿ ಬಂದು ಒರಸಿ, ಎಳ್ಳಷ್ಟು ಕೆಳಗ ಇಟ್ಟ.
ಕೂಸು ಅಳತೈತಿ ಅಂತ ಅವಸರ ಮಾಡಲಿಲ್ಲ.
ಕಿವಿ ತೂತಾದರೂ, ಬಿಟ್ಟರ ತಾನ ಮುಚ್ಚತೈತಿ.
ತಗಡಿಗೆ ಆ ಗುಣ ಇಲ್ಲ.

ಹೊಸ ರಟ್ಟು. ಬಾಣ ಇಲ್ಲದ್ದು.
ಇಪ್ಪತ್ತೊಂದನೇ ದಿನ ಎಂಜಿನು ಇಳಿಸಿ
ಡ್ರಿಲ್ಲು ನನ್ನ ಕೈಗೆ ಕೊಟ್ಟರು.
"ಸಾವಕಾಶ ತಿರುಗಸ್ರಿ, ಎಣ್ಣಿ ಬಿಡ್ಕೋತ.
ಜೋರು ಮಾಡಿದ್ರ ಸ್ಟೀಲು ಹಟಾ ಹಿಡದು
ಇನ್ನೂ ಗಟ್ಟಿ ಆಗತೈತಿ."
ನನ್ನ ಮಗನೂ ಹಂಗ, ಅಂತ ನಾ ಅನ್ನಲಿಲ್ಲ.

ಅಂಚು ತಿಕ್ಕಬೇಕು, ರಬ್ಬರಿನ ಬಳಿ ಕೂಡಸಬೇಕು,
ಅದರ ಮ್ಯಾಲ ಸ್ಟೀಲಿನ ಮುಚ್ಚಳ,
ಸಂದಿಗೆಲ್ಲ ಬೆಂಕಿ ತಾಳೂ ಕೆಂಪು ಮೇಣ.
ಅದೆಲ್ಲಾ ಆಮ್ಯಾಲ.

ಮೊದಲನೇ ತೂತು ಬಿದ್ದಾಗ
ಶೆಡ್ಡಿನ ಟ್ಯೂಬ್‌ಲೈಟಿನ ಬೆಳಕು
ನಾಲ್ಕಾಣೆ ಬಿಲ್ಲಿಯಷ್ಟು
ಪೈಲಟ್ಟ ಕಾಲಿಡೂ ಜಾಗದಾಗ ಬಿತ್ತು.
ಆ ಕಡಿಂದ ತವನಪ್ಪನವರು ಕಣ್ಣು ಹಚ್ಚಿದ್ರು.
ಬೆಳಕು ಹೋತು.
ಏನ್ ಕಾಣತೈತ್ರಿ? ಅಂದೆ.
"ನಿಮ್ಮ ಚಪ್ಪಲಿ ಕಾಣಾಕತ್ತಾವು, ಅಕ್ಕಾರ.
ಇನ್ನ ಹತ್ತು."